ಭೋಸರಿಯಲ್ಲಿ ಕೊನೆಯ ಕೈ

ಘಟಪ್ರಭಾ ಸ್ಟೇಶನ್ನಿನಿಂದ ನಾನು ಹೊರಟದ್ದು ಸೋಮವಾರ ಬೆಳಗಿನ ಪ್ಯಾಸೆಂಜರ್ ಗಾಡಿಗೆ. ಡಿಸೆಂಬರಿನ ಚಳಿ, ಪ್ಲಾಟ್‌ಫಾರ್ಮಿನ ಕಲ್ಲುಬೆಂಚು ಇಬ್ಬನಿಯಿಂದ ತೇವವಾಗಿತ್ತು. ಚೀಲದಲ್ಲಿ ಮೂರು ಜೊತೆ ಬಟ್ಟೆ, ಸೊಸೆ ಕಟ್ಟಿಕೊಟ್ಟ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಬಿಪಿ ಗುಳಿಗೆ. ಎಲ್ಲದರ ಕೆಳಗೆ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ನನ್ನ ಸ್ಕ್ರೇಪರ್. ಅದು ಮೊಳದುದ್ದದ, ಚಪ್ಪಟೆ ಬಾಯಿಯ ಉಕ್ಕಿನ ಉಳಿ. ಹಿಡಿಕೆಯನ್ನು ಸೊಂಟಕ್ಕೆ ಆನಿಸಿ, ಎರಡೂ ಕೈಯಿಂದ ಒತ್ತಿ, ಬೀಡು ಕಬ್ಬಿಣದ ಮೈಯಿಂದ ಕೂದಲಿಗಿಂತ ತೆಳ್ಳಗಿನ ಪುಡಿಯನ್ನು ಕೆರೆದು ತೆಗೆಯುವುದು ಅದರ ಕೆಲಸ. ಪಿಂಪ್ರಿಯ ಒಂದು ಯಂತ್ರ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ನಾನು ಅದನ್ನೇ ಮಾಡಿದೆ.

ಇದೇನು ದೊಡ್ಡ ಕೆಲಸ ಎಂದು ಓದುವವರಿಗೆ ಅನಿಸಬಹುದು. ಯಂತ್ರದ ಭಾಗಗಳು ಜಾರುವ ಬೆಡ್ಡು ನೀರಿನ ಮೈಯಷ್ಟು ಸಮನಾಗಿರಬೇಕು. ಇಲ್ಲದಿದ್ದರೆ ಅದರ ಮೇಲೆ ತಯಾರಾಗುವ ಪ್ರತಿಯೊಂದು ವಸ್ತುವೂ ಸೊಟ್ಟಗಾಗುತ್ತದೆ. ವರ್ಷಗಟ್ಟಲೆ ದುಡಿದು ಸವೆದ ಬೆಡ್ಡನ್ನು ಮತ್ತೆ ಆ ಮಟ್ಟಕ್ಕೆ ತರುವುದು ಕೈಯಿಂದ ಕೆರೆಯುವವರಿಂದ ಮಾತ್ರ ಸಾಧ್ಯ. ಹತ್ತನೆಯ ಇಯತ್ತೆ ಓದಿದ ನನ್ನಂಥವನ ಕೈ ಮುಟ್ಟಿದ ಯಂತ್ರಗಳು ಇನ್ನೂ ಎಷ್ಟೋ ಕಾರ್ಖಾನೆಗಳಲ್ಲಿ ತಿರುಗುತ್ತಿವೆ. ಎಪ್ಪತ್ತಮೂರನೆಯ ವಯಸ್ಸಿನಲ್ಲೂ ಇದನ್ನು ಹೇಳುವಾಗ ಎದೆ ಸ್ವಲ್ಪ ಉಬ್ಬುತ್ತದೆ.

ನನ್ನನ್ನು ಕರೆದವನು ಮಾದೇವ. ಅಥಣಿ ಕಡೆಯವನು, ಒಂದು ಕಾಲಕ್ಕೆ ನಾಲ್ಕು ವರ್ಷ ನನ್ನ ಕೈಕೆಳಗೆ ಹೆಲ್ಪರ್ ಆಗಿದ್ದವನು. ಈಗ ಭೋಸರಿಯಲ್ಲಿ ಹಳೆಯ ಯಂತ್ರ ದುರಸ್ತಿ ಮಾಡುವ ಶೆಡ್ಡಿನ ಮಾಲೀಕ. ದೀಪಾವಳಿ ಮುಗಿದ ಮೇಲೆ ಅವನ ಫೋನ್ ಬಂತು. "ಕಾಕಾ, ಬೀಡ ಕೆರಿಯಾವ್ರು ಯಾರೂ ಉಳಿದಿಲ್ರಿ. ಎಲ್ಲಿ ಡೊಂಕ ಅದ ಅಂತ ಕಂಪ್ಯೂಟರ್ ತೋರಸ್ತದ, ತಿದ್ದಾಕ ಅದಕ್ಕ ಬರೂದಿಲ್ಲ. ಎಂಟು ಮಂದೀನ ಹೊಸದಾಗಿ ತಗೊಂಡೀನಿ. ಒಂದ್ ವಾರ ಬಂದು ಕಲಿಸಿಕೊಡ್ರಿ," ಎಂದ.

ಒಪ್ಪಿಕೊಂಡೆ. ಆದರೆ ಆ ದಿನದಿಂದ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕಾರಣವನ್ನು ಇಲ್ಲೇ ಬರೆದುಬಿಡುತ್ತೇನೆ. ನಮ್ಮ ಕೆಲಸದಲ್ಲಿ 'ಕೊನೆಯ ಕೈ' ಎಂಬುದೊಂದಿದೆ. ಒಂಬತ್ತು ಪಾಲು ಕೆಲಸವನ್ನು ಯಾರಿಗಾದರೂ ಕಲಿಸಬಹುದು. ಹತ್ತನೆಯ ಪಾಲನ್ನು ಉಸ್ತಾದ ಹೆಲ್ಪರನಿಗೆ ತೋರಿಸುತ್ತಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಅವನನ್ನು ಚಹಾ ತರಲು ಕಳಿಸುತ್ತಿದ್ದ. ನನ್ನ ಉಸ್ತಾದ ನನ್ನನ್ನೂ ಹಾಗೆಯೇ ಕಳಿಸಿದ್ದ. ನಾನು ಕಿಟಕಿಯ ಗಾಜಿನಲ್ಲಿ ಅವನ ಬೆರಳಿನ ನೆರಳು ನೋಡಿ ಕದ್ದು ಕಲಿತೆ. ಆಮೇಲೆ ಉಸ್ತಾದನಾದಾಗ ಮಾದೇವನನ್ನು ನಾಲ್ಕು ವರ್ಷ ಚಹಾಕ್ಕೆ ಕಳಿಸಿದೆ. ಅಷ್ಟೇ ಆಗಿದ್ದರೆ ಲೋಕರೂಢಿ ಎಂದು ಸುಮ್ಮನಿರಬಹುದಿತ್ತು. ಅದಕ್ಕಿಂತ ಕೆಟ್ಟದ್ದೊಂದನ್ನೂ ಮಾಡಿದ್ದೆ. ಅದು ಅವನಿಗೆ ಗೊತ್ತಿರಲಿಲ್ಲ. ಈ ಸಲ ಹೇಳಿ ಬರಬೇಕೆಂದು ನಿಶ್ಚಯಿಸಿಕೊಂಡೇ ಗಾಡಿ ಹತ್ತಿದ್ದೆ.

ರಾಯಬಾಗ ದಾಟಿದ ಮೇಲೆ ಹಳಿಯ ಪಕ್ಕದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಕೃಷ್ಣೆಯ ಸೇತುವೆಯ ಮೇಲೆ ಗಾಡಿ ನಿಧಾನವಾದಾಗ ಎದುರಿನ ಮುದುಕಿ ನದಿಗೆ ಒಂದು ನಾಣ್ಯ ಎಸೆದು ಕೈ ಮುಗಿದಳು. ಉಗಾರದ ಹತ್ತಿರ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಬೋಗಿಯ ತುಂಬ. ಮಿರಜಿನಲ್ಲಿ ಇಳಿದು, ಒಂದು ತಾಸು ಕಾದು, ಪುಣೆಯ ಗಾಡಿ ಹಿಡಿದೆ.

ಮಿರಜಿನಲ್ಲಿ ನನ್ನ ಪಕ್ಕಕ್ಕೆ ಬಂದು ಕುಳಿತವರು ಸಿತಾರು ಮಾಡುವವರು. ಚಾದರಿನಲ್ಲಿ ಸುತ್ತಿದ ದೊಡ್ಡ ಸೋರೆ ಬುರುಡೆಯನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಮರಾಠಿಯಲ್ಲಿ ಮಾತಿಗೆ ತೊಡಗಿದೆವು. ಅವರ ಮನೆಯಲ್ಲಿ ಈಗ ತಮ್ಮನ ಮಗಳು ಕಲಿಯುತ್ತಿದ್ದಾಳಂತೆ. ಎಲ್ಲವನ್ನೂ ಕಲಿಸುತ್ತೀರಾ, ಏನಾದರೂ ಇಟ್ಟುಕೊಂಡಿದ್ದೀರಾ ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, ಯಾರಿಗೋಸ್ಕರ ಇಟ್ಟುಕೊಳ್ಳಲಿ, ಗೋರಿಗೆ ಸಿತಾರು ಬರುತ್ತದೆಯೇ ಎಂದು ನಕ್ಕರು. ನಾನು ರೊಟ್ಟಿಯ ಗಂಟು ಬಿಚ್ಚಿದೆ. ಶೇಂಗಾ ಹಿಂಡಿ ಅವರಿಗೆ ಬಹಳ ಹಿಡಿಸಿತು.

ಪುಣೆ ಮುಟ್ಟಿದಾಗ ಸಂಜೆ ಐದಾಗಿತ್ತು. ಮಾದೇವ ಕಾರು ಕಳಿಸುತ್ತೇನೆಂದಿದ್ದ, ನಾನೇ ಬೇಡವೆಂದಿದ್ದೆ. ಲೋಣಾವಳಾ ಲೋಕಲಿನಲ್ಲಿ ನಿಂತುಕೊಂಡು ಕಾಸರವಾಡಿಗೆ ಹೋದೆ. ಹಳೆಯ ಕಾಲದಂತೆಯೇ ಊಟದ ಡಬ್ಬಿಯ ಚೀಲಗಳು, ಎಣ್ಣೆಯ ವಾಸನೆಯ ಅಂಗಿಗಳು. ಹೊರಗೆ ಮಾತ್ರ ಬೇರೆ ಊರು. ತಲೆಯ ಮೇಲೆ ಮೆಟ್ರೊ, ಅದರ ಕೆಳಗೆ ಹಿಂಜವಾಡಿಯಿಂದ ಬರುವ ಕಂಪನಿ ಬಸ್ಸುಗಳು, ಅವುಗಳ ನಡುವೆ ತಿಂಡಿಯ ಪೆಟ್ಟಿಗೆ ಹೊತ್ತ ಮೋಟಾರು ಸೈಕಲ್ಲುಗಳು. ಭೋಸರಿಗೆ ಆಟೋದವನು ನೂರಿಪ್ಪತ್ತು ಕೇಳಿ ನೂರಕ್ಕೆ ಬಂದ.

ಮಾದೇವನ ಶೆಡ್ಡು ನಾನು ಅಂದುಕೊಂಡದ್ದಕ್ಕಿಂತ ದೊಡ್ಡದು. ಅವನ ತಲೆ ನರೆತಿತ್ತು, ಕನ್ನಡಕ ದಾರದಲ್ಲಿ ಕೊರಳಿಗೆ ಜೋತುಬಿದ್ದಿತ್ತು. ಬಾಗಿ ನನ್ನ ಕಾಲು ಮುಟ್ಟಿದ. ಆ ಕ್ಷಣಕ್ಕೆ ಕಾಲು ಹಿಂದೆ ಎಳೆದುಕೊಳ್ಳಬೇಕೆನಿಸಿತು. ಅವನ ಆಫೀಸಿನ ಒಳಗೆ ಕಾಲಿಡುವಾಗ ಏನನ್ನೋ ಎಡವಿದೆ. ಬಾಗಿಲು ಮುಚ್ಚದಂತೆ ಆನಿಸಿಟ್ಟ, ತುಕ್ಕು ಹಿಡಿದ ಬೀಡಿನ ಪಟ್ಟಿ. "ಅದು ಅಲ್ಲೇ ಇರ್ತದ್ರಿ, ನೋಡಿ ನಡೀರಿ," ಎಂದ. ಶೆಡ್ಡಿನ ಮಾಳಿಗೆಯ ಕೋಣೆಯಲ್ಲಿ ನನಗೆ ಹಾಸಿಗೆ ಹಾಸಿತ್ತು. ಊಟದ ಡಬ್ಬಿ ಅವನೇ ಮನೆಯಿಂದ ತಂದ. ಹೆಂಡತಿ ಮಾಡಿದ ಎಣ್ಣೆಗಾಯಿ, ಜೋಳದ ರೊಟ್ಟಿ.

ಮಂಗಳವಾರ ಬೆಳಿಗ್ಗೆ ಎಂಟು ಮಂದಿ ಕಲಿಯುವವರು ಸಾಲಾಗಿ ನಿಂತಿದ್ದರು. ಐದು ಗಂಡಸರು, ಮೂವರು ಹೆಂಗಸರು. ಒಬ್ಬ ಹಿಂದಿನ ತಿಂಗಳವರೆಗೆ ಮನೆ ಮನೆಗೆ ಊಟ ಮುಟ್ಟಿಸುತ್ತಿದ್ದವ. ಜತ್ತಿನ ರೇಣುಕಾ ಎಂಬ ಹೆಣ್ಣುಮಗಳು, ಇಪ್ಪತ್ತೇಳರ ವಯಸ್ಸು, ಹಿಂಜವಾಡಿಯ ಒಂದು ಆಫೀಸಿನಲ್ಲಿ ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದವಳು. ಅವಳ ಇಡೀ ವಿಭಾಗವನ್ನೇ ಒಂದು ದಿನ ಮುಚ್ಚಿದರಂತೆ. "ಆ ಕೆಲಸಾ ಕಂಪ್ಯೂಟರ್ ಕಸ್ಕೊಂತ್ರಿ ಅಜ್ಜಾ," ಎಂದಳು. "ಈ ಕೆಲಸಾ ಕಸ್ಕೊಳ್ಳಿ, ನೋಡೋಣು."

ಅವರಿಗೆ ಮೊದಲು ನಿಲ್ಲುವುದನ್ನು ಕಲಿಸಿದೆ. ಕೆರೆಯುವುದು ಕೈಯಿಂದಲ್ಲ, ಸೊಂಟದಿಂದ. ಆಮೇಲೆ ನೀಲಿ. ಸಮತಟ್ಟಾದ ದೊಡ್ಡ ಬೀಡಿನ ಹಲಗೆಗೆ ತೆಳುವಾಗಿ ನೀಲಿ ಬಣ್ಣ ಸವರಿ, ಅದರ ಮೇಲೆ ನಾವು ಕೆರೆಯುವ ಪಟ್ಟಿಯನ್ನು ಉಜ್ಜಬೇಕು. ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಹತ್ತುತ್ತದೆ, ಅಲ್ಲಷ್ಟೇ ಕೆರೆಯಬೇಕು. ಮತ್ತೆ ನೀಲಿ, ಮತ್ತೆ ಕೆರೆತ. ಸಂಜೆಯ ಹೊತ್ತಿಗೆ ಎಂಟೂ ಮಂದಿಯ ಕೈ, ಮೂಗು, ಕಿವಿ ನೀಲಿಯಾಗಿದ್ದವು. ಸೊಂಟ ಹಿಡಿದುಕೊಂಡರೂ ಒಬ್ಬರೂ ಕೂತಿರಲಿಲ್ಲ. ಮಾಳಿಗೆಗೆ ಹೋಗುವಾಗ ನನ್ನ ಮಂಡಿ ನೋಯುತ್ತಿತ್ತು, ಮನಸ್ಸು ಮಾತ್ರ ಹಗುರವಾಗಿತ್ತು. ಮಾದೇವ ದಿನವಿಡೀ ಕೈಕಟ್ಟಿ ನಿಂತು ನೋಡಿದ್ದ. ಒಮ್ಮೆಯೂ ಸ್ಕ್ರೇಪರ್ ಮುಟ್ಟಿರಲಿಲ್ಲ. ಯಾಕೆಂದು ಕೇಳಿದರೆ, "ನನ್ನದೇನಿದ್ರೂ ಯಂತ್ರಾ ಕೊಳ್ಳೂದು, ಮಾರೂದು ಕಾಕಾ. ಕೈ ಇಲ್ಲಲಾ," ಎಂದು ನಕ್ಕುಬಿಟ್ಟ. ಆ ಮಾತು ಅವನದಲ್ಲ. ನನ್ನದು. ಹೇಗೆಂದು ಮುಂದೆ ಬರುತ್ತದೆ.

ಬುಧವಾರ ಮಧ್ಯಾಹ್ನಕ್ಕೆ ರೇಣುಕಾಳ ಪಟ್ಟಿ ಉಳಿದವರಿಗಿಂತ ಮುಂದಿತ್ತು. ಮೈತುಂಬ ನೀಲಿ ಚುಕ್ಕೆ ಬಿದ್ದಿದ್ದವು. "ಆತಲ್ರಿ ಅಜ್ಜಾ?" ಎಂದಳು. ಅಲ್ಲಿಂದ ಮುಂದಿನದೇ ಕೊನೆಯ ಕೈ. ಪಟ್ಟಿಯನ್ನು ಹಲಗೆಯ ಮೇಲಿಟ್ಟೆ. ಎಂಟೂ ಮಂದಿ ನನ್ನ ಹೆಗಲ ಮೇಲಿಂದ ಬಗ್ಗಿದರು. ತೋರುಬೆರಳನ್ನು ಪಟ್ಟಿಯ ತುದಿಗೆ ಒಯ್ದೆ. ಆಗ, ತಿರುಗಿಯೂ ನೋಡದೆ, ನನ್ನ ಬಾಯಿ ಹೇಳಿತು:

"ಮಾದೇವ, ಹೋಗಿ ಒಂದ್ ಚಹಾ ತಗೊಂಡ್ ಬಾ."

ರೇಣುಕಾ ತಮಾಷೆಯೆಂದು ಕಿಸಕ್ಕನೆ ನಕ್ಕಳು. ಬೇರೆ ಯಾರೂ ನಗಲಿಲ್ಲ. ಶೆಡ್ಡಿನ ಮಾಲೀಕ, ಅರವತ್ತರ ಅಂಚಿನ ಮನುಷ್ಯ, ಕನ್ನಡಕ ತೆಗೆದು ಒರೆಸಿಕೊಂಡ. "ಒಂದ ತರ್ಲೇನ್ರಿ ಕಾಕಾ, ಎರಡ ತರ್ಲೇನ್ರಿ?" ಎಂದ. ಆ ಕಾಲದಲ್ಲಿ ಅವನು ದಿನಾ ಕೇಳುತ್ತಿದ್ದ ಮಾತು ಅದೇ. ನನ್ನ ಬೆರಳು ನಿಂತಲ್ಲೇ ನಿಂತಿತು.

"ನಿನಗ ಗೊತ್ತಿತ್ತೇನು?" ಎಂದೆ.

"ಗೊತ್ತಿರದ ಏನ್ರಿ. ಕ್ಯಾಂಟೀನಿಗೆ ಹೋಗಾಕ ಏಳು ನಿಮಿಷ, ಬರಾಕ ಏಳು. ಬರೂದ್ರಾಗ ನೀವು ಬೆರಳು ಒರಸ್ಕೋತ ನಿಂತಿರ್ತಿದ್ರಿ. ಚಹಾ ಮಾತ್ರ ಎಂದೂ ಪೂರ್ತಿ ಕುಡೀಲಿಲ್ಲ ನೀವು. ಅರ್ಧಾ ಹಂಗ ಚೆಲ್ಲತಿದ್ರಿ."

ಮಾತಿನ ಬಾಗಿಲು ತಾನಾಗಿಯೇ ತೆರೆದಿತ್ತು. ಇನ್ನು ನಾನು ಒಳಗೆ ಹೋಗಲೇಬೇಕಿತ್ತು. ಎಂಟು ಮಂದಿಯ ಎದುರಿಗೇ ಹೇಳಿದೆ. ಮಾದೇವ ಬಡ್ತಿಯ ಪರೀಕ್ಷೆಗೆ ಕೂತಾಗ ಒಂದು ಪಟ್ಟಿ ಕೆರೆದುಕೊಟ್ಟಿದ್ದ. ಮೈತುಂಬ ನೀಲಿ ಬಿದ್ದಿತ್ತು, ಆದರೆ ಅಳತೆಗೆ ಹಾಕಿದಾಗ ಹೊಟ್ಟೆ, ಅಂದರೆ ನಡುಭಾಗ, ಎತ್ತರವಿತ್ತು. ಯಾಕೆಂದು ನನಗೆ ಗೊತ್ತಿತ್ತು. ನೀಲಿಯೊಂದನ್ನೇ ನಂಬಿದರೆ ಅದು ಸುಳ್ಳು ಹೇಳುತ್ತದೆ. ಬೆರಳಿನಿಂದ ಪರೀಕ್ಷಿಸುವುದನ್ನು ನಾನು ಅವನಿಗೆ ತೋರಿಸಿರಲಿಲ್ಲ. ಫೋರ್‌ಮನ್ ಸಾಹೇಬರು ನನ್ನನ್ನು ಬದಿಗೆ ಕರೆದು, ಇನ್ನೊಂದು ಅವಕಾಶ ಕೊಡೋಣವೇ ಎಂದು ಕೇಳಿದರು. ಕೊಡಿ ಎಂದಿದ್ದರೆ ಕೊಡುತ್ತಿದ್ದರು.

"ನಾ ಏನಂದೆ ಗೊತ್ತದನು? ಅವಂಗ ಕೈ ಇಲ್ರಿ ಸಾಹೇಬ್ರ, ಅಂದೆ. ನಿನ್ನ ಕೈ ಛಲೋ ಇತ್ತು ಮಾದೇವ. ನನಗಿಂತ ಛಲೋ ಇತ್ತು. ಅದಕ್ಕ ಹಂಗಂದೆ."

ಇಲಾಖೆಯಲ್ಲಿ ಕೊನೆಯ ಕೈ ಬಲ್ಲವನು ನಾನೊಬ್ಬನೇ ಇರಬೇಕಿತ್ತು. ಸಾಹೇಬರು ನನಗೆ ಮಾತ್ರ ಕುರ್ಚಿ ಕೊಡುತ್ತಿದ್ದರು. ಆ ಕುರ್ಚಿಗಾಗಿ ಹಾಗೆ ಮಾಡಿದೆ. ಸಾಹೇಬರು ಆ ಮಾತನ್ನೇ ತಮ್ಮದೆಂಬಂತೆ ಮಾದೇವನಿಗೆ ಹೇಳಿ, ಮರುವಾರವೇ ಅವನನ್ನು ಉಗ್ರಾಣಕ್ಕೆ ಹಾಕಿದರು. ಅಲ್ಲಿ ಒಂಬತ್ತು ವರ್ಷ ನಟ್ಟು ಬೋಲ್ಟು ಎಣಿಸಿದ.

ಮಾದೇವ ಕನ್ನಡಕ ಹಾಕಿಕೊಂಡ. "ಚಹಾದ್ದು ಗೊತ್ತಿತ್ರಿ. ಇದು ಗೊತ್ತಿದ್ದಿಲ್ಲ," ಎಂದ. "ಪಾಠಾ ನಿಲ್ಲಸಬ್ಯಾಡ್ರಿ," ಎಂದು ಆಫೀಸಿನೊಳಗೆ ಹೋದ.

ಪಾಠ ನಿಲ್ಲಿಸಲಿಲ್ಲ. ಎಂಟೂ ಮಂದಿಗೆ ತೋರಿಸಿದೆ. ನೀಲಿ ಪೂರ್ತಿ ಒರೆಸಿ, ಪಟ್ಟಿಯನ್ನು ಹಲಗೆಯ ಮೇಲಿಟ್ಟು, ಒಂದು ತುದಿಯನ್ನು ಬೆರಳಿನಿಂದ ಮೆಲ್ಲಗೆ ದೂಡಬೇಕು. ಅದು ಯಾವ ಜಾಗವನ್ನು ಹಿಡಿದು ತಿರುಗುತ್ತದೆ ಎಂದು ನೋಡಬೇಕು. ನಟ್ಟನಡುವೆ ತಿರುಗಿದರೆ ಹೊಟ್ಟೆ ಉಬ್ಬಿದೆ. ಆಚೆಯ ತುದಿಯನ್ನೇ ಹಿಡಿದು ತಿರುಗಿದರೆ ಹೊಟ್ಟೆ ತಗ್ಗಿದೆ. ಆಚೆಯ ತುದಿಯಿಂದ ಸುಮಾರು ಮೂರನೆಯ ಒಂದು ಪಾಲು ಒಳಗೆ ತಿರುಗಿದರೆ ಸಮ. ಇಷ್ಟೇ. ಹೇಳಿ ಮುಗಿಸಲು ಐದು ನಿಮಿಷವೂ ಬೇಕಾಗಲಿಲ್ಲ. ರೇಣುಕಾ ತನ್ನ ಪಟ್ಟಿಯನ್ನು ದೂಡಿದಳು, ಅದು ನಡುವೆ ಗಿರಕಿ ಹೊಡೆಯಿತು. "ಇಷ್ಟಕ್ಕ ಅವರು ಒಂಬತ್ತು ವರ್ಷ ಉಗ್ರಾಣದಾಗ ಕೂತ್ರೇನ್ರಿ?" ಎಂದು ಕೇಳಿದಳು. ಹೌದು ಎಂದೆ.

ಗುರುವಾರ ಭೋಸರಿಯಲ್ಲಿ ಕಾರ್ಖಾನೆಗಳಿಗೆ ವಾರದ ರಜೆ. ಯಂತ್ರಗಳು ನಿಂತ ಆ ಊರಿನ ಮೌನ ವಿಚಿತ್ರ. ಡಬ್ಬಿ ಬಂತು, ಆದರೆ ತಂದವನು ವಾಚ್‌ಮನ್. ಮಾದೇವ ಫೋನೂ ಎತ್ತಲಿಲ್ಲ. ಚೀಲ ಕಟ್ಟಿ ಸಂಜೆಯ ಗಾಡಿಗೆ ಹೊರಟುಬಿಡಲೇ ಎಂದು ಎರಡು ಸಲ ಅಂದುಕೊಂಡೆ. ಆದರೆ ಹಾಗೆ ಹೋದರೆ ಮತ್ತೊಮ್ಮೆ ಅವನನ್ನು ನಡುವೆ ಬಿಟ್ಟಂತೆ.

ಸುಮ್ಮನೆ ಪಿಂಪ್ರಿಗೆ ಹೋದೆ. ನಾವಿದ್ದ ಚಾಳ್ ಇರಲಿಲ್ಲ. ಅಲ್ಲಿ ಹದಿನಾಲ್ಕು ಅಂತಸ್ತಿನ ಕಟ್ಟಡ. ಪಕ್ಕದ ಉಡುಪಿ ಹೋಟೆಲು ಮಾತ್ರ ಇತ್ತು, ಗಲ್ಲೆಯ ಮೇಲೆ ಹಳೆಯ ಮಾಲೀಕರ ಮಗ. ಕನ್ನಡ ಕೇಳಿ ಖುಷಿಯಾಗಿ ಎದುರಿಗೇ ಬಂದು ಕೂತರು. ದೋಸೆ ಕೇಳಿದರೆ ಇಲ್ಲವೆಂದರು. "ದೋಸೆ ಭಟ್ರು ಹೇಳದೆ ಕೇಳದೆ ಊರಿಗೆ ಹೋದ್ರು ಮಾರಾಯ್ರೆ. ಹಿಟ್ಟಿನ ಹದ ಒಬ್ರಿಗೂ ಹೇಳಿ ಕೊಡ್ಲಿಲ್ಲ. ಎಂಟು ದಿನ ಆಯ್ತು, ದೋಸೆ ಕಾವಲಿ ತಣ್ಣಗೆ. ಇಂಥವ್ರಿಗೆ ಏನ್ ಮಾಡೂದು ನೀವೇ ಹೇಳಿ," ಎಂದರು. ಎರಡು ಇಡ್ಲಿ ತಿಂದು, ಅರವತ್ತು ರೂಪಾಯಿ ಕೊಟ್ಟು ಎದ್ದೆ.

ಶುಕ್ರವಾರ ಬೆಳಿಗ್ಗೆ ಕೆಳಗಿಳಿದಾಗ ಶೆಡ್ಡಿನ ದೀಪ ಆಗಲೇ ಉರಿಯುತ್ತಿತ್ತು. ಮಾದೇವ ಹಲಗೆಯ ಎದುರು ನಿಂತಿದ್ದ. ಅಂಗಿಯ ತೋಳು ಮೇಲೆ ಮಡಚಿದ್ದ. ಆಫೀಸಿನ ಬಾಗಿಲಿಗೆ ಆನಿಸಿದ್ದ ಪಟ್ಟಿ ಅವನ ಮುಂದಿತ್ತು. ಸೀಮೆಎಣ್ಣೆಯಲ್ಲಿ ತಿಕ್ಕಿ ತುಕ್ಕು ತೆಗೆದಿದ್ದ. ಅದರ ಬದಿಯಲ್ಲಿ ಹಳೆಯ ಕೆಂಪು ಬಣ್ಣದ ಅಡ್ಡಗೆರೆ ನೋಡಿ ನನಗೆ ಗುರುತು ಹತ್ತಿತು. ಪರೀಕ್ಷೆಯಲ್ಲಿ ತಿರಸ್ಕರಿಸಿದ ಅವನದೇ ಪಟ್ಟಿ. ಗುಜರಿಗೆ ಹೋಗುವಾಗ ಕೇಳಿ ಪಡೆದುಕೊಂಡಿದ್ದನಂತೆ.

"ನಿಮ್ಮ ಸ್ಕ್ರೇಪರ್ ಕೊಡ್ರಿ," ಎಂದ. ಕೊಟ್ಟೆ.

ಮೊದಲು ಬೆರಳಿನಿಂದ ದೂಡಿದ. ಪಟ್ಟಿ ನಡುವಿನಲ್ಲೇ ಗಿರಕಿ ಹೊಡೆಯಿತು. ಅವನು ತಲೆಯಾಡಿಸಿದ. ನೀಲಿ ಸವರಿದ, ಉಜ್ಜಿದ, ಸೊಂಟ ಆನಿಸಿ ನಿಂತ. ಮೊದಲ ಹತ್ತು ಎಳೆತ ಸೊಟ್ಟಗೆ ಬಿದ್ದವು. ಎಂಟು ಮಂದಿಯೂ ಬಂದು ಸುತ್ತ ನಿಂತರು. ನಾನು ನೋಡುತ್ತ ನಿಂತದ್ದೇ ಅವನಿಗೆ ಕಷ್ಟವಾಗುತ್ತಿದೆ ಎನಿಸಿ, "ನಾ ಹೋಗಿ ಚಹಾ ತರ್ತೀನಿ," ಎಂದೆ.

"ಬ್ಯಾಡ್ರಿ," ಎಂದ, ತಲೆ ಎತ್ತದೆ. "ಇಲ್ಲೇ ನಿಂತು ನೋಡ್ರಿ."

ನಿಂತೆ. ಊಟದ ಹೊತ್ತಿನವರೆಗೆ ನಿಂತೆ, ಊಟದ ನಂತರವೂ ನಿಂತೆ. ಮಧ್ಯಾಹ್ನದ ಹೊತ್ತಿಗೆ ಅವನ ಎಳೆತ ಒಂದೇ ಅಳತೆಗೆ ಬಂದಿತ್ತು. ಒಂದು ಸಾಲು ಬಲಕ್ಕೆ, ಮುಂದಿನ ಸಾಲು ಅದಕ್ಕೆ ಅಡ್ಡಲಾಗಿ. ಬೀಡಿನ ಮೈಮೇಲೆ ಮೀನಿನ ಹುರುಪೆಯಂತೆ ಮಿಂಚುವ ಚುಕ್ಕೆಗಳು ಏಳತೊಡಗಿದವು. ನಾನು ಮೂವತ್ತೊಂದು ವರ್ಷದಲ್ಲಿ ಅಷ್ಟು ಚೊಕ್ಕ ಸಾಲು ಎಳೆದದ್ದು ಕೆಲವೇ ಸಲ. ಆ ಹೊತ್ತಿಗೆ ನನಗಾದದ್ದು ನಾಚಿಕೆಯಲ್ಲ, ಹೆಮ್ಮೆ. ಹೆಮ್ಮೆಪಡುವ ಹಕ್ಕು ನನಗಿರಲಿಲ್ಲ, ಆದರೂ ಆಯಿತು.

ನಾಲ್ಕೂವರೆಗೆ ಅವನು ಪಟ್ಟಿಯನ್ನು ಒರೆಸಿ ಪಕ್ಕಕ್ಕಿಟ್ಟ. ಯಾಕೆಂದು ರೇಣುಕಾ ಕೇಳಿದಳು. ಕೈಯ ಬಿಸಿಗೆ ಬೀಡು ಹಿಗ್ಗಿರುತ್ತದೆ, ಆರಬೇಕು ಎಂದ. ಅದನ್ನು ನಾನು ಅವನಿಗೆ ಎಂದೂ ಹೇಳಿರಲಿಲ್ಲ, ಅವನೇ ಕಂಡುಕೊಂಡದ್ದು. ಅರ್ಧ ತಾಸಿನ ನಂತರ ಹಲಗೆಯ ಮೇಲಿಟ್ಟು, ನೀಲಿ ಬೆರಳಿನಿಂದ ತುದಿಯನ್ನು ದೂಡಿದ. ಪಟ್ಟಿ ಆಚೆಯ ತುದಿಯಿಂದ ಮೂರನೆಯ ಒಂದು ಪಾಲು ಒಳಗೆ, ಗಡಿಯಾರದ ಮುಳ್ಳಿನಂತೆ ಸದ್ದಿಲ್ಲದೆ ತಿರುಗಿತು. ಇನ್ನೊಂದು ತುದಿಯಿಂದ ದೂಡಿದ. ಹಾಗೆಯೇ ತಿರುಗಿತು.

"ಕೈ ಅದನೋ ಇಲ್ಲೋ ಹೇಳ್ರಿ," ಎಂದ.

"ಅದ," ಎಂದೆ. "ಅವತ್ತೂ ಇತ್ತು."

ಎಂಟು ಮಂದಿಯಲ್ಲಿ ಯಾರೋ ಚಪ್ಪಾಳೆ ಶುರು ಮಾಡಿದರು. ಮಾದೇವ ಮುಖ ಆಚೆ ತಿರುಗಿಸಿ ಹಳೆಯ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಒಂದು ಕಾರ್ಖಾನೆಯಿಂದ ದುರಸ್ತಿಗೆ ಬಂದಿದ್ದ ದೊಡ್ಡ ಬೆಡ್ಡು ಮೂಲೆಯಲ್ಲಿ ಎರಡು ತಿಂಗಳಿನಿಂದ ಬಿದ್ದಿತ್ತು, ಮಾಡುವವರಿಲ್ಲದೆ. ಸೋಮವಾರದಿಂದ ಅದಕ್ಕೆ ಕೈ ಹಚ್ಚುತ್ತೇವೆ, ತಾನೇ ಮುಂದೆ ನಿಲ್ಲುತ್ತೇನೆ ಎಂದು ಎಲ್ಲರಿಗೂ ಹೇಳಿದ.

ಶನಿವಾರ ನನ್ನನ್ನು ಪುಣೆ ಸ್ಟೇಶನ್ನಿಗೆ ಬಿಡಲು ಅವನೇ ಬಂದ. ಸ್ಕ್ರೇಪರನ್ನು ರೇಣುಕಾಳ ಕೈಗೆ ಕೊಟ್ಟು ಬಂದಿದ್ದೆ, ಚೀಲ ಹಗುರವಿತ್ತು. ದಾಪೋಡಿಯ ಸೇತುವೆಯ ಹತ್ತಿರ ಗಾಡಿಗಳು ಸಿಕ್ಕಿಬಿದ್ದಾಗ ಅವನೇ ಬಾಯಿಬಿಟ್ಟ. "ಮಾಫಿ ಅಂತ ಅನ್ನಾಕ ನನಗ ಈಗ ಬರೂದಿಲ್ರಿ ಕಾಕಾ. ಒಂಬತ್ತು ವರ್ಷ ಭಾಳ ಆತು. ಆದ್ರ ಫೆಬ್ರುವರಿಗೆ ಇನ್ನೊಂದ್ ತಂಡ ಬರ್ತದ. ನೀವು ಬರ್ರಿ." ಬರುತ್ತೇನೆಂದೆ. ನನಗೆ ಅಷ್ಟು ಸಾಕಾಗಿತ್ತು. ಅದಕ್ಕಿಂತ ಹೆಚ್ಚು ಕೇಳುವ ಯೋಗ್ಯತೆಯೂ ಇರಲಿಲ್ಲ.

ಗಾಡಿ ಹೊರಡಲು ಇಪ್ಪತ್ತು ನಿಮಿಷವಿತ್ತು. ಅವನನ್ನು ನನ್ನ ಚೀಲದ ಹತ್ತಿರ ಬೆಂಚಿನ ಮೇಲೆ ಕೂರಿಸಿ, ನಾನು ಅಂಗಡಿಯ ಸಾಲಿನಲ್ಲಿ ನಿಂತು ಎರಡು ಚಹಾ ತಂದೆ. ಹೋಗಿ ಬರಲು ಹದಿನಾಲ್ಕು ನಿಮಿಷವೇ ಹಿಡಿದಿರಬೇಕು. ಕಾಗದದ ಲೋಟದ ಮೇಲೆ ನನ್ನ ಬೆರಳಿನ ನೀಲಿ ಗುರುತು ಬಿದ್ದಿತ್ತು. ಅವನ ಲೋಟದ ಮೇಲೆ ಅವನದೂ. ಶುಂಠಿ ಹೆಚ್ಚಾಗಿ ಗಂಟಲು ಸುಡುವ ಚಹಾ. ಗಾಡಿ ಕದಲಿದಾಗ ಮಾದೇವ ಕಿಟಕಿಯ ಪಕ್ಕ ನಾಲ್ಕು ಹೆಜ್ಜೆ ಬಂದು, ನನ್ನ ಲೋಟದೊಳಗೆ ಇಣುಕಿ ನೋಡಿದ. ಒಂದು ಹನಿಯೂ ಉಳಿದಿರಲಿಲ್ಲ.